ಪಹಣಿಯೊಳಗೊಂದು ನಕ್ಷೆ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆ ಜಮೀನಿನ ಮಾತು ಬಂತೆಂದರೆ ಪೆಟ್ಟಿಗೆಯಿಂದ ಎರಡು ಕಾಗದ ಹೊರಬರುತ್ತವೆ. ಒಂದು ಪಹಣಿ, ಇನ್ನೊಂದು ನಕ್ಷೆ. ಪಹಣಿಯಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಖರಾಬು, ಖಾತೆದಾರರ ಹೆಸರು, ಬೆಳೆ ಎಲ್ಲ ಇರುತ್ತವೆ; ಹೊಲದ ಆಕಾರ ಮಾತ್ರ ತಿಳಿಯದು. ನಕ್ಷೆಯಲ್ಲಿ ಆಕಾರವಿದೆ, ಬಾಂದುಕಲ್ಲಿನ ಗುರುತಿದೆ; ಅಲ್ಲಿ ಬೆಳೆದಿರುವುದು ತೆಂಗೋ ರಾಗಿಯೋ ಗೊತ್ತಾಗದು. ಎರಡನ್ನೂ ಹಿಡಿದಿಟ್ಟಿರುವ ಕೊಂಡಿ ಸರ್ವೆ ನಂಬರ್. ಆ ಕೊಂಡಿಯನ್ನು ಕಂಪ್ಯೂಟರಿನೊಳಗೆ ಬೆಸೆದರೆ ಅದೇ ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ಪಹಣಿ ಓದಬಲ್ಲ ರೈತನಿಗೆ ಅದರ ಅರ್ಧ ಪಾಠ ಆಗಲೇ ಬಂದಿದೆ ಎಂದು ನಾನು ನಂಬಿದ್ದೇನೆ.

ಉಳಿದರ್ಧ ಶುರುವಾಗುವುದು ಎರಡು ಸಂಖ್ಯೆಗಳಿಂದ. ಹೊಸದುರ್ಗ ಪಟ್ಟಣ ಸುಮಾರು 13.8 ಡಿಗ್ರಿ ಉತ್ತರ ಅಕ್ಷಾಂಶ, 76.3 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಹೆಚ್ಚುಕಡಿಮೆ 111 ಕಿಲೋಮೀಟರ್. ದಶಮಾಂಶದ ನಂತರ ಐದು ಅಂಕಿ ಬರೆದರೆ ಒಂದು ಮೀಟರಿನಷ್ಟು ಜಾಗವನ್ನು ಬೆರಳಿಟ್ಟು ತೋರಿಸಬಹುದು. ಹೊಸಬರು ಮೊದಲು ಎಡವುವುದೂ ಇಲ್ಲೇ. ಎರಡು ಸಂಖ್ಯೆ ಅದಲುಬದಲಾದರೆ ಹೊಸದುರ್ಗ ಹೋಗಿ ನಾರ್ವೆಯ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರದ ತಣ್ಣನೆಯ ಸಮುದ್ರದಲ್ಲಿ ಬೀಳುತ್ತದೆ. ಕಂಪ್ಯೂಟರ್ ಚಕಾರ ಎತ್ತುವುದಿಲ್ಲ. ಅದಕ್ಕೆ ನಮ್ಮೂರು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು.

ಜಾಗ ಹೇಳುವುದು ಬಂದ ಮೇಲೆ ಚಿತ್ರ ಬರೆಯುವುದು. ಒಂದು ಕೆರೆಯನ್ನೇ ತೆಗೆದುಕೊಳ್ಳಿ. ಸುತ್ತಲಿನ ಕೊಳವೆಬಾವಿಗಳು ಚುಕ್ಕೆಗಳಾಗುತ್ತವೆ, ನೀರು ತರುವ ಹಳ್ಳ ಗೆರೆಯಾಗುತ್ತದೆ, ಕೆರೆಯಂಗಳ ಮುಚ್ಚಿದ ಬೇಲಿಯಂಥ ಆವರಣವಾಗುತ್ತದೆ. ಪ್ರತಿ ಚುಕ್ಕೆಯ ಹಿಂದೆಯೂ ಪಹಣಿಯಂಥದೇ ಒಂದು ಸಾಲು: ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿ, ಈಗ ನೀರಿದೆಯೇ, ಬತ್ತಿದೆಯೇ. ಬಾವಿಗಳದೊಂದು ಪದರ, ಹಳ್ಳದ್ದೊಂದು, ಹೊಲಗಳದೊಂದು. ಒಂದರ ಮೇಲೊಂದು ಹಾಸಿ, ಬೇಡವಾದದ್ದನ್ನು ಮರೆಮಾಡಬಹುದು. ಇಷ್ಟಾದರೆ ಕೇಳಬಹುದು: ಕೆರೆಯಿಂದ 500 ಮೀಟರಿನೊಳಗೆ ಎಷ್ಟು ಬಾವಿಗಳಲ್ಲಿ ನೀರಿದೆ, ಅದರಾಚೆ ಎಷ್ಟರಲ್ಲಿದೆ? ಯಂತ್ರ ಕೆರೆಯ ಅಂಚಿಗೆ 500 ಮೀಟರಿನ ಅಂಚುಪಟ್ಟಿ ಕಟ್ಟಿ, ಒಳಗೆ ಬಿದ್ದ ಚುಕ್ಕೆಗಳನ್ನು ಎಣಿಸಿಕೊಡುತ್ತದೆ. ಕೆರೆ ತುಂಬಿದರೆ ಬಾವಿಗೆ ನೀರು ಎಂಬ ಹಿರಿಯರ ಮಾತಿಗೆ ಊರಿನದೇ ಲೆಕ್ಕ ಸಿಗುತ್ತದೆ. ನನ್ನ ಮಟ್ಟಿಗೆ ಜಿಐಎಸ್‌ನ ತಿರುಳು ಇದೇ. ಬಣ್ಣದ ನಕ್ಷೆ ಅಚ್ಚು ಹಾಕಿಸುವುದು ಅದರ ಅತಿ ಸಣ್ಣ ಕೆಲಸ.

ಇನ್ನೊಂದು ಬಗೆಯ ಪದರವಿದೆ. ಅದಕ್ಕೆ ಗೆರೆಗಳಿಲ್ಲ, ನೆಲವನ್ನು ಚೌಕ ಚೌಕವಾಗಿ ಹೆಣೆದ ಚಾಪೆ ಅದು. ಉಪಗ್ರಹದ ಚಿತ್ರಗಳು ಈ ಜಾತಿಯವು. 1988ರ ಮಾರ್ಚಿನಲ್ಲಿ ಹಾರಿದ ನಮ್ಮ ಮೊದಲ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎಯ ಒಂದು ಕ್ಯಾಮೆರಾದಲ್ಲಿ ಚೌಕದ ಬದಿ 72.5 ಮೀಟರ್. ಗುಂಟೆಗೆ ಇಳಿಸಿದರೆ ಒಂದು ಚೌಕವೇ 1 ಎಕರೆ 12 ಗುಂಟೆ. ಸಣ್ಣ ಹಿಡುವಳಿದಾರನ ಇಡೀ ಹೊಲ ಒಂದೇ ಬಣ್ಣದ ಚುಕ್ಕೆಯಲ್ಲಿ ಮುಳುಗಿಹೋಗುತ್ತಿತ್ತು. ಇಂದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಉಚಿತವಾಗಿ ಕೊಡುವ ಚಿತ್ರದಲ್ಲಿ ಚೌಕದ ಬದಿ 10 ಮೀಟರ್. ನಮ್ಮ ಗುಂಟೆ 33 ಅಡಿಗೆ 33 ಅಡಿ, ಅಂದರೆ ಹೆಚ್ಚುಕಡಿಮೆ ಅದೇ 10 ಮೀಟರ್! ಸರ್ವೆ ಸರಪಳಿಯೂ ಬಾಹ್ಯಾಕಾಶದ ಕ್ಯಾಮೆರಾವೂ ಒಂದೇ ಅಳತೆಗೆ ಬಂದು ನಿಂತದ್ದು ಕಾಕತಾಳೀಯವೇ ಸರಿ, ಆದರೂ ನನಗೆ ಅದರಲ್ಲೊಂದು ಸಂತೋಷವಿದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಉಪಗ್ರಹ ಎರಡನ್ನೂ ಅಳೆಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ರಾಗಿ ಕೊಯ್ದ ಹೊಲ ಬೋಳಾಗಿ, ನೀರುಂಡ ತೆಂಗಿನ ತೋಟ ಹಸಿರಾಗಿ ಬೇರೆಬೇರೆ ಕಾಣುವುದು ಇದರಿಂದಲೇ.

ಎತ್ತರಕ್ಕೂ ಇಂಥ ಚಾಪೆಯುಂಟು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರಿನಿಂದ ನೆಲದ ಏರುತಗ್ಗು ಅಳೆಯಿತು. ಹೊಸದುರ್ಗ ಸೀಮೆಗೆ ಇದು ಬಹಳ ಬೇಕಾದ ಪದರ. ವೇದಾವತಿಗೆ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಮೂರು ತಲೆಮಾರು ತುಂಬಿದ ಸಾಗರದ ಅಂಚನ್ನೇ ಕಂಡಿರಲಿಲ್ಲ. ಆ ಅಂಚು ಎಲ್ಲಿ ಬಂದೀತೆಂದು ಎತ್ತರದ ಪದರ ಹೇಳಬಲ್ಲದು, ಯಾಕೆಂದರೆ ನಿಂತ ನೀರಿನ ದಡವೆಂದರೆ ಒಂದೇ ಎತ್ತರದ ಗೆರೆ, ಸಮೋನ್ನತ ರೇಖೆ. ಸಾಗರ ತುಂಬಿದಾಗಿನ 130 ಅಡಿ ನೀರಿನ ಮಟ್ಟಕ್ಕೆ ಆ ಗೆರೆ ಎಳೆದು ಹೊಲಗಳ ಪದರದ ಮೇಲಿಟ್ಟರೆ ಯಾವ ಸರ್ವೆ ನಂಬರಿಗೆ ನೀರು ಮುಟ್ಟುತ್ತದೆಂದು ತಿಳಿಯುತ್ತದೆ. ರೇಡಾರ್ ನೀರಿನೊಳಗೆ ನೋಡಲಾರದು, ಹಾಗಾಗಿ ಅಂದು ಮುಳುಗಿದ್ದ ನೆಲ ಅದರಲ್ಲಿ ಸಪಾಟು. ಎತ್ತರದಲ್ಲಿ ಕೆಲವು ಮೀಟರಿನ ತಪ್ಪೂ ಇರಬಹುದು. ಅದನ್ನು ನಂಬಿ ಮನೆ ಕಟ್ಟುವಂತಿಲ್ಲ, ಎಚ್ಚರದಿಂದಿರಲು ಸಾಕು.

ಇದೆಲ್ಲ ಈ ಜಿಲ್ಲೆಗೆ ಹೊಸದೂ ಅಲ್ಲ. 2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ಸುಜಲ ಜಲಾನಯನ ಯೋಜನೆಯ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಅಲ್ಲಿ ಉಪಗ್ರಹ ಚಿತ್ರದ ಮೇಲೆ ಸರ್ವೆ ನಂಬರುಗಳ ನಕ್ಷೆ ಹೊದಿಸಿ ಬದು, ಚೆಕ್‌ಡ್ಯಾಮುಗಳ ಯೋಜನೆ ಹಾಕಿದರು. ಈಗ ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್‌ನಲ್ಲಿ, ನಿಂತ ಜಾಗದ ಸರ್ವೆ ನಂಬರ್ ಫೋನಿನಲ್ಲೇ ಕಾಣುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ತೆರೆದ ಬಯಲಿನಲ್ಲೂ ಫೋನಿನ ಜಿಪಿಎಸ್ ಐದು ಮೀಟರ್ ಅತ್ತಿತ್ತ ಆಗುವುದು ಸಾಮಾನ್ಯ. ತೆಂಗಿನ ತೋಟದ ನೆರಳಲ್ಲಿ ಇನ್ನೂ ಹೆಚ್ಚು. ಐದು ಮೀಟರ್ ಎಂದರೆ ಗುಂಟೆಯ ಅರ್ಧ ಬದಿ. ನೂರು ಮೀಟರ್ ಉದ್ದದ ಬದು ಅಷ್ಟು ಸರಿದರೆ ಐದು ಗುಂಟೆ ಪಕ್ಕದವರ ಪಾಲು! ಹಳೆಯ ಕಾಗದದ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಕಾಗದ ಹಿಗ್ಗಿ ಕುಗ್ಗಿದ ತಪ್ಪೂ ಜೊತೆಗೆ ಬರುತ್ತದೆ. ಪರದೆಯ ಗೆರೆ ನೋಡಿ ಬೇಲಿ ಹಾಕಬೇಡಿ. ಹದ್ದುಬಸ್ತಿಗೆ ಭೂಮಾಪಕರೇ ಬರಬೇಕು, ಬಾಂದುಕಲ್ಲೇ ಸಾಕ್ಷಿಯಾಗಬೇಕು.

ಕಲಿಯಲು ದುಡ್ಡು ಬೇಕಿಲ್ಲ. 2002ರಲ್ಲಿ ಆರಂಭವಾದ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಮೊದಲು ತಮ್ಮೂರ ಕೆರೆ ಏರಿಯ ಮೇಲೆ ನಡೆಯಲಿ. ತೂಬು, ಕೋಡಿ, ಹೂಳು ತುಂಬಿದ ಕಾಲುವೆ ಒಂದೊಂದನ್ನೂ ಚುಕ್ಕೆಯಿಟ್ಟು ಗುರುತಿಸಲಿ. ಹೊಲಗಳ ಪಟ್ಟಿಗೆ ಪಹಣಿಯಲ್ಲಿಲ್ಲದ ಒಂದು ಅಂಕಣ ಸೇರಿಸಲಿ. ಸರ್ವೆ ನಂಬರ್ ಪಕ್ಕದಲ್ಲಿ ಊರಿನವರು ಆ ಹೊಲವನ್ನು ಕರೆಯುವ ಹೆಸರು: ಬೇವಿನಮರದ ಹೊಲ, ಗುಡಿ ಹಿಂದಲ ಹೊಲ, ಬಾವಿ ಹೊಲ. ಬೇವು ಬಿದ್ದು ಯಾವುದೋ ಕಾಲವಾಗಿರಬಹುದು, ಬಾವಿ ಮುಚ್ಚಿರಬಹುದು. ಅಲ್ಲಿ ಬಾವಿಯಿತ್ತು ಎನ್ನುವುದಕ್ಕೆ ಉಳಿದ ದಾಖಲೆ ಆ ಹೆಸರೊಂದೇ. ಅದನ್ನು ಬಲ್ಲ ಅಜ್ಜಿ ಇನ್ನೂ ಜಗುಲಿಯ ಮೇಲೆ ಕೂತಿದ್ದರೆ, ಉಪಗ್ರಹದ ಚಿತ್ರ ಇಳಿಸಿಕೊಳ್ಳುವ ಮೊದಲು ಅವರ ಹತ್ತಿರ ಹೋಗಿ ಕೂರಿ.