ಡೇಟು ಕೇಳಿದವರು ದುಡ್ಡು ಕಟ್ಟಲಿ

ತರೀಕೆರೆಯಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತನಾಗಿಯೇ ತಲೆ ನರೆತವನು ನಾನು. ವಕಾಲತ್ತಿಗೆ ಸಹಿ ಹಾಕಿಸುವುದು, ನಕಲಿಗೆ ಅರ್ಜಿ ಕೊಡುವುದು, ಕಡೂರಿನ ಕೋರ್ಟಿಗೆ ಫೈಲು ಹೊತ್ತು ಓಡುವುದು ನನ್ನ ಕೆಲಸ. ಕಕ್ಷಿದಾರರು ಮಾತ್ರ ನನ್ನನ್ನು ಕೇಳುವುದು ಒಂದೇ: "ಅಣ್ಣಾ, ಇವತ್ತು ನಡೆಯುತ್ತಾ, ಇಲ್ಲ ಮುಂದಕ್ಕೆ ಹೋಗುತ್ತಾ?"

ಮುಂದಕ್ಕೆ ಹೋದರೆ ಯಾರಿಗೆ ಲಾಭ ನೋಡಿ. ಶಿವನಿ ಕಡೆಯ ಹೆಣ್ಣುಮಗಳೊಬ್ಬಳು ತವರಿನ ಅಡಿಕೆ ತೋಟದಲ್ಲಿ ಪಾಲು ಕೇಳಿ ದಾವೆ ಹೂಡಿದ್ದಾಳೆ ಎನ್ನಿ. ಪಾಟೀಸವಾಲಿನ ದಿನ ಅಜ್ಜಂಪುರಕ್ಕೆ ಬಂದು, ಅಲ್ಲಿಂದ ತರೀಕೆರೆ ಬಸ್ಸು ಹಿಡಿದು ಬರುತ್ತಾಳೆ. ಸಾಕ್ಷಿ ಹೇಳುವ ಹಿರಿಯರ ಟಿಕೆಟ್ಟು, ಊಟ ಅವಳದೇ. ಆ ದಿನದ ಕೂಲಿಯೂ ಹೋಯಿತು. ಕೇಸು ಕೂಗಿದಾಗ ಎದುರಿನವರು "ಸಮಯ ಬೇಕು ಸ್ವಾಮಿ" ಅನ್ನುತ್ತಾರೆ. ಒಮ್ಮೆ ದಾಖಲೆ ಸಿಕ್ಕಿಲ್ಲ, ಒಮ್ಮೆ ಮೈಗೆ ಹುಷಾರಿಲ್ಲ, ಇನ್ನೊಮ್ಮೆ ಅಡಿಕೆ ಕೊಯ್ಲು. ಕೊಯ್ಲೋ, ಅವಳು ಪಾಲು ಕೇಳಿದ ತೋಟದ್ದೇ! ಒಂದು ವರ್ಷ ಎಳೆದರೆ ಒಂದು ಫಸಲು ಪೂರ್ತಿ ಅವರ ಅಂಗಳಕ್ಕೆ.

ಇದಕ್ಕೆ ಕಾನೂನಿನಲ್ಲಿ ಮದ್ದಿಲ್ಲ ಅಂದುಕೊಳ್ಳಬೇಡಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿಯಲ್ಲಿ 35ಬಿ ಕಲಂ ಸೇರಿತು. ಆ ತಾರೀಕಿಗೆ ಮಾಡಬೇಕಾದ್ದನ್ನು ಮಾಡದೆ ವಾಯಿದೆ ಪಡೆದವನಿಂದ, ಎದುರಾಳಿ ಅಂದು ಕೋರ್ಟಿಗೆ ಬಂದುಹೋದ ಖರ್ಚನ್ನು ಕೊಡಿಸಬಹುದು. ಅದನ್ನು ಮುಂದಿನ ತಾರೀಕಿಗೆ ಕಟ್ಟದಿದ್ದರೆ ಅವನ ದಾವೆಯಾಗಲಿ, ತಕರಾರಾಗಲಿ ಮುಂದೆ ನಡೆಯುವ ಹಾಗಿಲ್ಲ. ಈ ಕಲಂನ ಹಲ್ಲು ಇರುವುದು ಮೊತ್ತದಲ್ಲಲ್ಲ, ಈ ಷರತ್ತಿನಲ್ಲಿ. ಹಾಗಂತ ವಾದಿ ಕಟ್ಟದ ಮಾತ್ರಕ್ಕೆ ದಾವೆ ತಾನಾಗಿಯೇ ವಜಾ ಆಗುವುದಿಲ್ಲ. ಕಟ್ಟದವನಿಗೆ ಮುಂದೆ ಭಾಗವಹಿಸಲು ಅವಕಾಶವಿಲ್ಲ ಅಷ್ಟೆ.

ಇನ್ನೊಂದು, 17ನೇ ಆದೇಶ. 2002ರ ಜುಲೈನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ವಿಚಾರಣೆಯ ಹಂತದಲ್ಲಿ ಒಬ್ಬ ಪಕ್ಷಕಾರನಿಗೆ ಮೂರು ವಾಯಿದೆಗಿಂತ ಹೆಚ್ಚು ಇಲ್ಲ. ಕೊಟ್ಟ ವಾಯಿದೆಗೂ ಅದರಿಂದಾದ ಖರ್ಚನ್ನೋ, ಕೋರ್ಟಿಗೆ ಸರಿಕಂಡರೆ ಅದಕ್ಕಿಂತ ಹೆಚ್ಚನ್ನೋ ಹಾಕಬೇಕು. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂಬುದು ಕಾರಣವೇ ಅಲ್ಲ. ಕೈಮೀರಿದ ಸಂದರ್ಭದಲ್ಲಿ ಮೂರರ ಮಿತಿ ಸಡಿಲವಾಗಬಹುದೆಂದು 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಖರ್ಚು ಎಂದರೆ ನಿಜವಾಗಿ ಆದ ಖರ್ಚಿನ ಹತ್ತಿರಕ್ಕಾದರೂ ಇರಬೇಕು ಎಂಬುದೂ ಅದೇ ತೀರ್ಪಿನ ಮಾತು.

ನಮ್ಮ ಕಡೆ ನಾನು ಕಂಡದ್ದು ನೂರೋ ಇನ್ನೂರೋ. ಎಳೆಯುವವನಿಗೆ ಅದು ಬಸ್ ಸ್ಟ್ಯಾಂಡಿನ ಪಾರ್ಕಿಂಗ್ ಚೀಟಿ ಇದ್ದಂತೆ. ಕೊಟ್ಟು ಆರಾಮಾಗಿ ಹೋಗುತ್ತಾನೆ. ಕಾಸ್ಟ್ ಹಾಕಿ ಎಂದು ಒತ್ತಿ ಕೇಳಲು ನಮ್ಮ ವಕೀಲರಿಗೂ ಸಂಕೋಚ. ನಾಳೆ ಅವರಿಗೂ ಒಂದು ಡೇಟು ಬೇಕಾದೀತಲ್ಲ!

ಮೇಲಿನ ಕೋರ್ಟುಗಳ ಕೈ ಹಾಗೆ ಬಿಗಿಯಲ್ಲ. ದೆಹಲಿಯ ಹೌಜ್ ಖಾಸ್‌ನ ಆಸ್ತಿಗಾಗಿ ವರ್ಷಗಟ್ಟಲೆ ಎಳೆದಾಡಿದ ಕುಟುಂಬ ವ್ಯಾಜ್ಯವೊಂದರಲ್ಲಿ, 2011ರ ರಾಮರಾಮೇಶ್ವರಿ ದೇವಿ ಪ್ರಕರಣದಲ್ಲಿ, ಮೇಲ್ಮನವಿ ತಂದವರ ಮೇಲೆ ಸುಪ್ರೀಂ ಕೋರ್ಟ್ ಎರಡು ಲಕ್ಷ ರೂಪಾಯಿ ಹಾಕಿತು. ನಮ್ಮ ಹೈಕೋರ್ಟೇ 2023ರ ಜೂನ್ 30ರಂದು, ಆಗಿನ್ನೂ ಎಲ್ಲರೂ ಟ್ವಿಟರ್ ಎನ್ನುತ್ತಿದ್ದ ಕಂಪನಿಗೆ 50 ಲಕ್ಷ ವಿಧಿಸಿತು. ಕೇಂದ್ರದ ಆದೇಶಗಳನ್ನು ವರ್ಷದ ಮೇಲೆ ಪಾಲಿಸದೆ ಇದ್ದುದಕ್ಕೆ ಸಮಜಾಯಿಷಿ ಇಲ್ಲ ಎಂಬುದು ಅದಕ್ಕಿದ್ದ ಒಂದು ಕಾರಣ. ಕಟ್ಟಲು ತಡಮಾಡಿದರೆ ದಿನಕ್ಕೆ 5,000 ಬೇರೆ! ಮೇಲ್ಮನವಿಯಲ್ಲಿ 25 ಲಕ್ಷ ಠೇವಣಿ ಇಡುವ ಷರತ್ತು ಬಂತು.

ಸುಳ್ಳು ದಾವೆಗೆ ಪರಿಹಾರ ಕೊಡಿಸುವ 35ಎ ಕಲಂ ಮಾತ್ರ 3,000 ರೂಪಾಯಿಗೆ ನಿಂತುಬಿಟ್ಟಿದೆ. ಅದನ್ನು ಒಂದು ಲಕ್ಷಕ್ಕೆ ಏರಿಸಿ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸಲಹೆ ಕೊಟ್ಟಿತ್ತು.

ಕಾನೂನು ಬದಲಾಗುವವರೆಗೆ ನಮ್ಮ ಆಫೀಸಿಗೆ ಬರುವವರಿಗೆ ನಾನು ಹೇಳುವುದಿಷ್ಟು. ಬಸ್ ಟಿಕೆಟ್ಟು ಬಿಸಾಡಬೇಡಿ. ಹೋಟೆಲ್ ಬಿಲ್ಲು, ಸಾಕ್ಷಿಯ ಬತ್ತೆ, ತಪ್ಪಿದ ಕೂಲಿ, ಎಲ್ಲ ಒಂದು ಹಾಳೆಯಲ್ಲಿ ಬರೆದು ಆ ದಿನವೇ ವಕೀಲರ ಕೈಗೆ ಕೊಡಿ, ಸಾಹೇಬರು "ಎಷ್ಟು ಖರ್ಚಾಗಿದೆ?" ಅಂದಾಗ ತೋರಿಸಲು ಏನಾದರೂ ಇರಬೇಕು. ಮುಂದಿನ ತಾರೀಕಿಗೆ ದುಡ್ಡು ಬರದಿದ್ದರೆ ಮೆಮೊ ಹಾಕಿಸಿ. ವಾಯಿದೆ ಕೊಟ್ಟದ್ದನ್ನೇ ಮೇಲೆ ಪ್ರಶ್ನಿಸುವ ಮನಸ್ಸಿದ್ದರೆ ಆ ದುಡ್ಡನ್ನು ಸುಮ್ಮನೆ ಜೇಬಿಗೆ ಹಾಕಿಕೊಳ್ಳಬೇಡಿ. ತೆಗೆದುಕೊಂಡ ಮೇಲೆ ಆ ಆದೇಶವನ್ನು ಒಪ್ಪಿದಂತೆ ಎಂದು ಎದುರಿನವರು ವಾದಿಸುತ್ತಾರೆ. ಮೊದಲು ವಕೀಲರನ್ನು ಕೇಳಿ, ಆಮೇಲೆ ರಸೀದಿಗೆ ಸಹಿ ಹಾಕಿ.