ಸೆಮಿಸ್ಟರ್ ಪರೀಕ್ಷೆ: ಕಾರಿಡಾರಿನ ಮಾತು ಮತ್ತು ನಿಯಮದ ಮಾತು

ಸೆಮಿಸ್ಟರ್ ಮುಗಿಯುತ್ತ ಬಂತೆಂದರೆ ವಿದ್ಯಾರ್ಥಿಗಳು ಗುಂಪುಗೂಡಿ ಪ್ರಿನ್ಸಿಪಾಲರ ಕೊಠಡಿಗೆ ಹೋಗುತ್ತಾರೆ: ‘ಸರ್, ಸಿಲಬಸ್ ಮುಗಿದಿಲ್ಲ, ಎಕ್ಸಾಮ್ ಒಂದು ವಾರ ಮುಂದಕ್ಕೆ ಹಾಕಿ.’ ಬೇಡಿಕೆ ನ್ಯಾಯವಾದದ್ದೇ ಇರಬಹುದು, ತಟ್ಟಿದ ಬಾಗಿಲು ತಪ್ಪು. 2000ನೇ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಪರೀಕ್ಷೆಯ ಹೊಣೆ ಮೌಲ್ಯಮಾಪನ ಕುಲಸಚಿವರದು. ಸಂಯೋಜಿತ ಕಾಲೇಜಿಗೆ ದಿನಾಂಕವೂ ಪ್ರಶ್ನೆಪತ್ರಿಕೆಯೂ ಅಲ್ಲಿಂದಲೇ ಬರುತ್ತವೆ. ಸ್ವಾಯತ್ತ ಕಾಲೇಜುಗಳ ವ್ಯವಸ್ಥೆ ಬೇರೆ: ಪರೀಕ್ಷೆ ನಡೆಸುವುದು ಕಾಲೇಜು, ಪದವಿ ಕೊಡುವುದು ವಿಶ್ವವಿದ್ಯಾಲಯ. ವಿಟಿಯುನಂಥ ವಿಶ್ವವಿದ್ಯಾಲಯಗಳು ಮೊದಲು ತಾತ್ಕಾಲಿಕ ವೇಳಾಪಟ್ಟಿ ಹೊರಡಿಸುತ್ತವೆ. ಬ್ಯಾಕ್‌ಲಾಗ್ ವಿಷಯವೂ ಈ ಸೆಮಿಸ್ಟರಿನ ವಿಷಯವೂ ಒಂದೇ ಹೊತ್ತಿಗೆ ಬಿದ್ದಿದ್ದರೆ ಆಗಲೇ ಕಾಲೇಜಿನ ಮೂಲಕ ಬರೆದು ತಿಳಿಸಬೇಕು. ಹಾಲ್ ಟಿಕೆಟ್ ಬಂದ ಮೇಲೆ ಗೋಳಾಡಿದರೆ ಕೇಳುವವರು ಕಡಿಮೆ.

‘ಕೊರೊನಾ ಕಾಲದಲ್ಲಿ ಎಲ್ಲರನ್ನೂ ಪರೀಕ್ಷೆ ಇಲ್ಲದೆ ಪಾಸು ಮಾಡಿದರು, ಒತ್ತಾಯ ಮಾಡಿದರೆ ಈಗಲೂ ಮಾಡುತ್ತಾರೆ’ ಎಂಬ ಮಾತು ಪ್ರತಿ ಮುಷ್ಕರದಲ್ಲೂ ಕೇಳಿಬರುತ್ತದೆ. ನಡೆದದ್ದು ಹಾಗಲ್ಲ. 2020ರಲ್ಲಿ ಮಧ್ಯದ ಸೆಮಿಸ್ಟರುಗಳವರಿಗೆ ಆಂತರಿಕ ಅಂಕ, ಹಿಂದಿನ ಸೆಮಿಸ್ಟರಿನ ಅಂಕಗಳ ಮೇಲೆ ಬಡ್ತಿ ಸಿಕ್ಕಿದ್ದು ನಿಜ. ಅಂತಿಮ ವರ್ಷದವರಿಗೆ ಆ ಅವಕಾಶ ಸಿಗಲಿಲ್ಲ. ಆ ವರ್ಷ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ರಾಜ್ಯಗಳು ಪರೀಕ್ಷೆ ಮುಂದೂಡುವಂತೆ ಯುಜಿಸಿಯನ್ನು ಕೇಳಬಹುದು, ಪರೀಕ್ಷೆಯೇ ಇಲ್ಲದೆ ಅಂತಿಮ ವರ್ಷದವರನ್ನು ತೇರ್ಗಡೆ ಮಾಡುವಂತಿಲ್ಲ.

ಹಾಜರಾತಿಯದು ಚಿಕ್ಕ ವಿಷಯ, ಆದರೆ ಹಾಲ್ ಟಿಕೆಟ್ ತಪ್ಪಿಸುವುದು ಅದೇ. ವೈದ್ಯರ ಚೀಟಿ ತಂದುಕೊಟ್ಟರೆ ತಪ್ಪಿಸಿಕೊಂಡ ತರಗತಿಗಳು ‘ಹಾಜರು’ ಎಂದು ಬದಲಾಗುವುದಿಲ್ಲ. ನಿಯಮ ಎಷ್ಟು ಸಡಿಲಿಕೆಗೆ ಎಡೆಕೊಟ್ಟಿದೆಯೋ ಅಷ್ಟೇ ಸಿಗುತ್ತದೆ.

ಬಹುಪಾಲು ಮಕ್ಕಳು ಸೋಲುವುದು ಉತ್ತರಪತ್ರಿಕೆಯ ವಿಷಯದಲ್ಲಿ. ಬರೆದು ಕೊಟ್ಟ ಮೇಲೆ ಅದು ವಿಶ್ವವಿದ್ಯಾಲಯದ ಸ್ವತ್ತು, ನೋಡಲು ನಮಗೆ ಹಕ್ಕಿಲ್ಲ ಎಂದು ಸುಮ್ಮನಾಗಿಬಿಡುತ್ತಾರೆ. ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟ್, ಮೌಲ್ಯಮಾಪನವಾದ ಉತ್ತರಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯಡಿ ‘ಮಾಹಿತಿ’ಯೇ, ಬರೆದವರು ಅದನ್ನು ನೋಡಬಹುದು, ಪ್ರತಿ ಪಡೆಯಬಹುದು ಎಂದು ತೀರ್ಪಿತ್ತಿದೆ. ಮೌಲ್ಯಮಾಪಕರ ಹೆಸರು ಮಾತ್ರ ಕೊಡುವುದಿಲ್ಲ. ಪ್ರತಿ ಕೈಗೆ ಬಂದಾಗ ಮೊದಲು ಮುಖಪುಟದ ಅಂಕಪಟ್ಟಿ ನೋಡಿ: ಒಳಗೆ 4(ಬಿ)ಗೆ ಬಿದ್ದ 6 ಅಂಕ ಅಲ್ಲಿ ಏರಿದೆಯೇ? ಹೆಚ್ಚುವರಿ ಹಾಳೆಯ ಉತ್ತರದ ಮೇಲೆ ಕೆಂಪು ಗೆರೆಯೇ ಇಲ್ಲವೇ? ಇಂಥ ತಪ್ಪು ಮರುಎಣಿಕೆಯಲ್ಲೇ ಸರಿಹೋಗುತ್ತದೆ.

ಆದರೆ ನೋಡುವ ಹಕ್ಕು ಬೇರೆ, ಮರುಮೌಲ್ಯಮಾಪನದ ಹಕ್ಕು ಬೇರೆ. ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ಮರುಮೌಲ್ಯಮಾಪನವನ್ನು ಹಕ್ಕೆಂದು ಕೇಳಲಾಗದು ಎಂದು ಅದೇ ನ್ಯಾಯಾಲಯ 1984ರಲ್ಲೇ ಮಹಾರಾಷ್ಟ್ರದ ಮಂಡಳಿಯೊಂದರ ಪ್ರಕರಣದಲ್ಲಿ ಹೇಳಿತ್ತು. ಇನ್ನೊಂದು ಎಚ್ಚರ: ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಲು 30 ದಿನಗಳ ಕಾಲಾವಕಾಶವಿದೆ. ಅಷ್ಟರಲ್ಲಿ ಮರುಮೌಲ್ಯಮಾಪನದ ಕೊನೆಯ ದಿನಾಂಕ ಕಳೆದುಹೋದೀತು. ಅಂಕ ಬದಲಾಗಬೇಕೆಂದಿದ್ದರೆ ವಿಶ್ವವಿದ್ಯಾಲಯದ್ದೇ ಜೆರಾಕ್ಸ್ ಪ್ರತಿಯ ವ್ಯವಸ್ಥೆಗೆ, ಅದರ ಗಡುವಿನೊಳಗೆ, ಅರ್ಜಿ ಹಾಕುವುದೇ ಜಾಣತನ.

ನನಗೆ ತೀರಾ ನೋವು ತರುವ ತಪ್ಪು ಕಲ್ಪನೆಯೆಂದರೆ, ಅಂಗವಿಕಲ ವಿದ್ಯಾರ್ಥಿಗೆ ಕೊಡುವ ಹೆಚ್ಚುವರಿ ಸಮಯ ಕಾಲೇಜಿನ ದಯೆ ಎಂಬುದು. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು. ಮೂರು ಗಂಟೆಯ ಪತ್ರಿಕೆಗೆ ಇಡೀ ಒಂದು ಗಂಟೆ. ಲಿಪಿಕಾರ ಅಂಧರಿಗೆ ಮಾತ್ರ ಎಂಬುದೂ ಸುಳ್ಳು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಯುಪಿಎಸ್‌ಸಿ ವಿರುದ್ಧ ಹೂಡಿದ ಪ್ರಕರಣದಲ್ಲಿ, 2021ರ ಫೆಬ್ರುವರಿಯಲ್ಲಿ, ಅಂಗವೈಕಲ್ಯದ ಶೇ 40ರ ಮಿತಿಗೆ ಬಾರದವರಿಗೂ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಪರೀಕ್ಷಾ ಶುಲ್ಕ ಕಟ್ಟುವಾಗಲೇ ಸರ್ಕಾರಿ ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಬಾಯಿಮಾತಿನಲ್ಲಿ ‘ಆಗಲ್ಲ’ ಎಂದರೆ ಅದನ್ನೇ ಬರಹದಲ್ಲಿ ಕೊಡಿ ಎಂದು ಕೇಳಿ.