ದಾಖಲೆಯಲ್ಲಿ ಊರೇ ತಪ್ಪಾದರೆ?

ಅಮೆರಿಕದ ಮಾಜಿ ಸೈನಿಕರೊಬ್ಬರ ದಾಖಲೆಯಲ್ಲಿ
ಊರೇ ತಪ್ಪಾಗಿ ಬಿದ್ದಿದ್ದರೆ ಏನಾಗುತ್ತೆ ಗೊತ್ತಾ?

ಅಲ್ಲಿ ಸೇವೆ ಮುಗಿಸಿದವರ ಕೈಗೆ ಬರೋದು ಡಿಡಿ 214 ಅನ್ನೋ ಪತ್ರ.
ಅದರ 7-ಬಿ ಕಾಲಂ ನೋಡಿ.
ಸೇನೆಗೆ ಸೇರಿದಾಗಿನ ಮನೆ ವಿಳಾಸ ಅಲ್ಲಿರುತ್ತೆ.
ಜನನ ಪ್ರಮಾಣಪತ್ರದ ಹುಟ್ಟೂರಿನ ಹಾಗೆ.
ಆಮೇಲೆ ಎಷ್ಟು ಮನೆ ಬದಲಾಯಿಸಿದರೂ ಅದು ಹಾಗೇ.

ಬರೆದುಕೊಂಡವರೇ ತಪ್ಪು ಬರೆದಿದ್ದರೆ?

ಉದಾಹರಣೆಗೆ, ಟೆಕ್ಸಾಸ್‌ನ ಹೇಜಲ್‌ವುಡ್ ಕಾಯ್ದೆ
ಮಾಜಿ ಸೈನಿಕರಿಗೆ ಸರ್ಕಾರಿ ಕಾಲೇಜಿನ ಬೋಧನಾ ಶುಲ್ಕ ಮಾಫಿ ಮಾಡುತ್ತೆ.
ಸೇರುವಾಗ ಅವರು ಟೆಕ್ಸಾಸ್‌ನವರೇ ಅನ್ನೋದಕ್ಕೆ
ಈ ಕಾಲಂ ದೊಡ್ಡ ಸಾಕ್ಷಿ.
ಒಂದು ತಪ್ಪು ಅಕ್ಷರಕ್ಕೆ ಓದೇ ಕೈತಪ್ಪಬಹುದು. ಇದು ಅನ್ಯಾಯ.

ದಾರಿ ಇದೆ. ಡಿಡಿ 149 ಅರ್ಜಿ.
ಅದು ಹೋಗೋದು ದಾಖಲೆ ತಿದ್ದುಪಡಿ ಮಂಡಳಿಗೆ.
ಜೊತೆಗೆ ಆ ಕಾಲದ್ದೇ ಪುರಾವೆ ಬೇಕು:
ಸೇರ್ಪಡೆ ಒಪ್ಪಂದ, ಶಾಲೆಯ ದಾಖಲೆ, ಹಳೇ ಡ್ರೈವಿಂಗ್ ಲೈಸೆನ್ಸ್.
ಇವತ್ತಿನ ಕರೆಂಟ್ ಬಿಲ್ ತಂದರೆ ಆಗಲ್ಲ.

ಹಿರಿಯರಿಗೆ ಕಷ್ಟ ಇನ್ನೂ ಹೆಚ್ಚು.
1973ರಲ್ಲಿ ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು.
1.6 ಕೋಟಿಗೂ ಹೆಚ್ಚು ಕಡತ ಹಾಳಾದವು.
ಅಂಥವರಿಗೆ ಮನೆಯ ಟ್ರಂಕಿನಲ್ಲಿ ಉಳಿದ ಕಾಗದವೇ ಆಸರೆ.

ತಪ್ಪು ಗೊತ್ತಾದ 3 ವರ್ಷದೊಳಗೆ ಅರ್ಜಿ ಹಾಕಬೇಕು.
ತಡವಾಗಿದ್ದರೂ, ನ್ಯಾಯ ಇದೆ ಅನಿಸಿದರೆ,
ಮಂಡಳಿ ಅದನ್ನು ಕೈಗೆತ್ತಿಕೊಳ್ಳಬಹುದು.